ಉಜ್ಜುವ ಮೊದಲು ಓದಬೇಕು: ಮನೆಯ ಹಳೆಯ ಬೋಲ್ಟ್ ರೈಫಲ್

ಅಜ್ಜನ ಕಾಲದ ಬೋಲ್ಟ್ ರೈಫಲ್ (ಹಿಡಿಯಿರುವ ಬೋಲ್ಟನ್ನು ಹಿಂದೆ ಮುಂದೆ ಎಳೆದು ತೋಟೆ ತುಂಬುವ ಕೋವಿ) ಬೀರುವಿನಿಂದ ಹೊರಗೆ ಬಂದ ದಿನ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಒಂದೇ: ‘ಎಷ್ಟು ತುಕ್ಕು ಹಿಡಿದಿದೆ ನೋಡಿ, ಎಮರಿ ಪೇಪರಲ್ಲಿ ಉಜ್ಜಿದರೆ ಹೊಸದರ ಹಾಗೆ ಆಗುತ್ತೆ.’ ಮಳೆ ತಿಂದ ಕೋವಿಗಿಂತ ಎಮರಿ ಪೇಪರ್ ತಿಂದ ಕೋವಿ ನೋಡುವುದು ಹೆಚ್ಚು ಸಂಕಟದ ವಿಷಯ. ಮಳೆಗಾಲದ ತುಕ್ಕು ಮೇಲ್ಮೈಯನ್ನು ಅಲ್ಲಲ್ಲಿ ಕಚ್ಚುತ್ತದೆ. ಎಮರಿ ಪೇಪರು ಮತ್ತು ಬಫಿಂಗ್ ಚಕ್ರ ಎಲ್ಲವನ್ನೂ ಸಮನಾಗಿ ಕೆರೆದು ಹಾಕುತ್ತವೆ. ನಳಿಗೆಯ ಮೇಲೆ ಒತ್ತಿದ ಅಕ್ಷರಗಳ ಆಳ ಉಗುರಿನ ದಪ್ಪದಷ್ಟೂ ಇರುವುದಿಲ್ಲ. ಅದು ಅಳಿಸಿಹೋದರೆ ಈ ರೈಫಲ್ ಎಲ್ಲಿ, ಯಾವಾಗ, ಯಾವ ತೋಟೆಗೆ ತಯಾರಾಯಿತು ಎಂದು ಹೇಳುವ ಸಾಕ್ಷಿಯೇ ಇಲ್ಲವಾಗುತ್ತದೆ. ಅದಕ್ಕೇ ಗುರುತಿಸುವ ಕೆಲಸ ಮೊದಲು, ಶುಚಿ ಮಾಡುವ ಕೆಲಸ ಆಮೇಲೆ.

ಕಾನೂನಿನ ಮಾತನ್ನು ಇಲ್ಲೇ ಮುಗಿಸಿಬಿಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿಯನ್ನು ವೃತ್ತಿಯಾಗಿ ಮಾಡುವವರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಆದ್ದರಿಂದ ಬೋಲ್ಟ್, ನಳಿಗೆ, ಟ್ರಿಗರ್ ಇವುಗಳ ಯಾಂತ್ರಿಕ ಕೆಲಸ ಲೈಸೆನ್ಸ್ ಇರುವ ಗನ್‌ಸ್ಮಿತ್ ಬಳಿಯೇ ಆಗಬೇಕು, ಪರಿಚಯದ ಲೇತ್ ಅಂಗಡಿಯಲ್ಲಲ್ಲ. 8ನೇ ಸೆಕ್ಷನ್ ಗುರುತಿನ ಮುದ್ರೆ, ನಂಬರು ಇಲ್ಲದ ಬಂದೂಕನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸುತ್ತದೆ. ನಂಬರು ಅಳಿಸಿಹೋಗುವಷ್ಟು ಪಾಲಿಶ್ ಮಾಡಿದವರು ಕೋವಿಯ ಬೆಲೆಯ ಜೊತೆಗೆ ತಮ್ಮ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾರೆ. ಕೊಡವರಿಗೂ, ಕೊಡಗಿನ ಪರಂಪರಾಗತ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ, ಆದರೆ ಮುದ್ರೆಯ ವಿಷಯದಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಬೇಟೆಯ ಬಾಗಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಚ್ಚಿತು, ಮುಚ್ಚಿದ್ದು ಒಳ್ಳೆಯದೇ. ಇಲ್ಲಿ ಹೇಳುತ್ತಿರುವುದು ಕಬ್ಬಿಣ, ಮರ ಮತ್ತು ಅಕ್ಷರಗಳನ್ನು ಉಳಿಸಿಕೊಳ್ಳುವ ಬಗ್ಗೆ ಮಾತ್ರ.

ಕೈಗೆತ್ತಿಕೊಂಡ ತಕ್ಷಣ ಬೋಲ್ಟ್ ತೆರೆದು, ತೋಟೆಗಳನ್ನು ತುಂಬಿಡುವ ಮ್ಯಾಗಜಿನ್ ಮತ್ತು ತೋಟೆ ಸಿಡಿಯುವ ಗೂಡಾದ ಚೇಂಬರ್ ಎರಡಕ್ಕೂ ಕಿರುಬೆರಳು ಹಾಕಿ ಖಾಲಿ ಇದೆಯೇ ನೋಡಿ. ದಶಕಗಳಿಂದ ಮೂಲೆಯಲ್ಲಿದ್ದ ರೈಫಲ್ಲಿನಲ್ಲಿ ತೋಟೆ ಉಳಿದಿರುವುದು ಅಪರೂಪವೇನಲ್ಲ.

ಈಗ ಗುರುತಿಸುವುದು. ನಮ್ಮ ಕಡೆಯ ಮನೆಗಳಲ್ಲಿ ಸಿಗುವ ಬೋಲ್ಟ್ ರೈಫಲ್‌ಗಳಲ್ಲಿ ಬಹುಪಾಲು ಎರಡು ವಂಶಕ್ಕೆ ಸೇರಿದವು: ಲೀ ಮತ್ತು ಮೌಸರ್. ದೂರದಿಂದಲೇ ಗೊತ್ತಾಗುವ ಗುರುತು ಮರದಲ್ಲಿದೆ. ಭುಜಕ್ಕಿಡುವ ಬಟ್ ಬೇರೆ, ಮುಂದಿನ ಮರ ಬೇರೆ, ನಡುವೆ ಕಬ್ಬಿಣದ ಬಾಡಿ ಇದ್ದರೆ ಅದು ಲೀ. ತುದಿಯಿಂದ ತುದಿಗೆ ಒಂದೇ ಮರವಾದರೆ ಹೆಚ್ಚಾಗಿ ಮೌಸರ್. ಬೋಲ್ಟ್ ತೆಗೆದು ನೋಡಿದರೆ ಅನುಮಾನವೇ ಉಳಿಯುವುದಿಲ್ಲ. 1898ರ ಮೌಸರಿನ ಬೋಲ್ಟಿಗೆ ಮುಂಭಾಗದಲ್ಲಿ ಎರಡು ದಪ್ಪ ಲಗ್ಗುಗಳು (ಬೋಲ್ಟನ್ನು ಬೀಗದಂತೆ ಹಿಡಿಯುವ ಉಬ್ಬುಗಳು), ಹಿಂದೆ ಮೂರನೆಯದೊಂದು, ಬಲಮಗ್ಗುಲಿಗೆ ತೋಟೆಯನ್ನು ಹೊರಗೆಳೆಯುವ ಉದ್ದನೆಯ ಉಗುರಿನಂಥ ಎಕ್ಸ್‌ಟ್ರ್ಯಾಕ್ಟರ್. ಹಿಂತುದಿಯಲ್ಲಿ ಎಡದಿಂದ ಬಲಕ್ಕೆ ಮೂರು ಹಂತದಲ್ಲಿ ಮಗುಚುವ ಸೇಫ್ಟಿ. ಹಿಡಿಯನ್ನು ಮೇಲೆತ್ತುವಾಗಲೇ ಸ್ಪ್ರಿಂಗ್ ಬಿಗಿಯಾಗುತ್ತದೆ. ಲೀಯಲ್ಲಿ ಲಗ್ಗುಗಳು ಬೋಲ್ಟಿನ ಹಿಂಭಾಗದಲ್ಲಿರುತ್ತವೆ, ಮುಂದಿನ ತಲೆ ತಿರುಗಿಸಿದರೆ ಬಿಚ್ಚಿಬರುತ್ತದೆ, ಸ್ಪ್ರಿಂಗ್ ಬಿಗಿಯಾಗುವುದು ಬೋಲ್ಟನ್ನು ಮುಂದೆ ತಳ್ಳುವಾಗ. ಮೂರನೆಯ ಬಗೆಯೊಂದು ಅಪರೂಪಕ್ಕೆ ಸಿಗುತ್ತದೆ, ಆಸ್ಟ್ರಿಯಾದ ಮಾನ್ಲಿಖರ್-ಶೋನವರ್. ನಳಿಗೆಯ ತುದಿಯವರೆಗೂ ಮರ, ಬೆಣ್ಣೆ ಸವರುವ ಚಾಕುವಿನ ಹಾಗೆ ಚಪ್ಪಟೆ ಹಿಡಿ, ಒಳಗೆ ಗಿರಕಿ ಹೊಡೆಯುವ ಮ್ಯಾಗಜಿನ್. ಆ ಬೋಲ್ಟ್ ಬೆಣ್ಣೆಯಲ್ಲಿ ಜಾರಿದಂತೆ ಜಾರುತ್ತದೆ. ಅಂಥದ್ದು ಸಿಕ್ಕಿದರೆ ಯಾವ ಭಾಗಕ್ಕೂ ಅರ ಮುಟ್ಟಿಸಬೇಡಿ.

ಲೀ ವಂಶದ ಮನೆಕೋವಿ ಎಂದರೆ ನಮ್ಮಲ್ಲಿ .315. ಈ ಸಂಖ್ಯೆಯ ಹಿಂದೆ ಒಂದು ರಾಜಕೀಯ ಕಾರಣವಿದೆ. .303 ಬ್ರಿಟಿಷ್ ಸೈನ್ಯದ ತೋಟೆ. ಅದು ಸಾರ್ವಜನಿಕರ ಕೈಗೆ ಹೋಗಬಾರದೆಂದು ಸರ್ಕಾರ ತಡೆದಾಗ, ಅದೇ ಲೀ ಬಾಡಿಗೆ ಆಸ್ಟ್ರಿಯಾ ಮೂಲದ 8×50 ಅಂಚುಳ್ಳ ಮಾನ್ಲಿಖರ್ ತೋಟೆ ಹಿಡಿಯುವ ನಳಿಗೆ ಕೂರಿಸಿ ಮಾರಿದರು. 8 ಮಿಲಿಮೀಟರನ್ನು ಇಂಚಿಗೆ ತಿರುಗಿಸಿದರೆ .315. ಮೊದಲು ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಯಿಂದ ಬಂದವು, ಮೂರು ಬಂದೂಕು ಒರಗಿಸಿಟ್ಟಂತೆ ಕಾಣುವ ಚಿತ್ರ ಅವರ ಮುದ್ರೆ. ಬಾಡಿಯ ಮೇಲೆ ‘ಲೀ-ಸ್ಪೀಡ್ ಪೇಟೆಂಟ್ಸ್’ ಎಂದಿದ್ದರೆ ಅದು ಹಳೆಯ ಮಾಲು. ಮುಂದೆ ಬಂಗಾಳದ ಇಶಾಪುರ ಕಾರ್ಖಾನೆಯೂ ಇದೇ ತೋಟೆಗೆ ರೈಫಲ್ ಮಾಡಿತು, ಅಲ್ಲಿಯ ಗುರುತು ಆರ್‌ಎಫ್‌ಐ.

ಮೌಸರ್ ವಂಶದಲ್ಲಿ ಹೆಸರು ಓದುವಾಗ ಎಚ್ಚರ ಬೇಕು. ನಳಿಗೆಯ ಮೇಲೆ ಕಲ್ಕತ್ತಾದ ಮ್ಯಾಂಟನ್, ಲಯನ್ ಅಂಡ್ ಲಯನ್ ಅಥವಾ ಆರ್.ಬಿ. ರೋಡಾ ಎಂದು ಚೆಂದದ ಅಕ್ಷರದಲ್ಲಿ ಕೆತ್ತಿದ್ದರೆ ಅದು ಬಹುತೇಕ ಮಾರಿದ ಅಂಗಡಿಯ ಹೆಸರು, ಮಾಡಿದವರದ್ದಲ್ಲ. (1914ರಲ್ಲಿ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲುಗಳನ್ನು ಹಾರಿಸಿಕೊಂಡು ಹೋದದ್ದು ಇದೇ ರೋಡಾ ಕಂಪನಿಯ ಮಾಲಿನಿಂದ.) ಇಂಗ್ಲೆಂಡಿನ ಹೆಸರಾಂತ ಬಂದೂಕು ಕಂಪನಿಗಳೂ ಆಕ್ಷನ್ನನ್ನು, ಅಂದರೆ ಬೋಲ್ಟ್ ಮತ್ತು ಬಾಡಿಯನ್ನು, ಜರ್ಮನಿಯ ಒಬರ್ನ್‌ಡಾರ್ಫಿನಿಂದ ತರಿಸಿ, ನಳಿಗೆ ಮತ್ತು ಮರ ತಾವು ಕೂರಿಸುತ್ತಿದ್ದವು. ನಿಜವಾದ ತವರೂರು ಗೊತ್ತಾಗಬೇಕಾದರೆ ರಿಸೀವರಿನ (ಬೋಲ್ಟ್ ಕೂರುವ ಕಬ್ಬಿಣದ ಬಾಡಿಯ) ಮೇಲ್ಭಾಗ, ಎಡಗೋಡೆ, ಮತ್ತು ಮರ ಬಿಚ್ಚಿದಾಗ ಕಾಣುವ ನಳಿಗೆಯ ಕೆಳಮೈ ನೋಡಬೇಕು. ‘ವಾಫನ್‌ಫಾಬ್ರಿಕ್ ಮೌಸರ್’ ಎಂದಿದ್ದರೆ 1922ಕ್ಕೆ ಮುಂಚಿನದು, ‘ಮೌಸರ್-ವೆರ್ಕೆ’ ಎಂದಿದ್ದರೆ ನಂತರದ್ದು. ಕಂಪನಿ ಹೆಸರು ಬದಲಿಸಿದ್ದು ಆ ವರ್ಷ.

ಪ್ರೂಫ್ ಮುದ್ರೆಗಳು ಇನ್ನೂ ಹೆಚ್ಚು ಮಾತಾಡುತ್ತವೆ. ಹೆಚ್ಚಿನ ಒತ್ತಡದ ತೋಟೆ ಹಾರಿಸಿ ಪರೀಕ್ಷೆ ಮಾಡಿದ ಮೇಲೆ ಸರ್ಕಾರಿ ಮನ್ನಣೆಯ ಪ್ರೂಫ್ ಹೌಸು ಒತ್ತುವ ಗುರುತುಗಳಿವು. ಇಂಗ್ಲೆಂಡಿನಲ್ಲಿ 1904ರ ನಂತರ ಕಿರೀಟದ ಕೆಳಗೆ ‘ಎನ್‌ಪಿ’ ಎಂದಿದ್ದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಎಂದರ್ಥ. ಬರ್ಮಿಂಗ್‌ಹ್ಯಾಮಿನದಾದರೆ ಜೊತೆಗೆ ‘ಬಿಪಿ’, ‘ಬಿವಿ’ ಇರುತ್ತವೆ. ಕೆಲವದರ ಮೇಲೆ ‘ಕಾರ್ಡೈಟ್’ ಎಂಬ ಪದವೂ ಎರಡು ಸಂಖ್ಯೆಗಳೂ ಇರುತ್ತವೆ. ಮೊದಲನೆಯದು ಮದ್ದಿನ ತೂಕ, ಎರಡನೆಯದು ಗುಂಡಿನ ತೂಕ, ಎರಡೂ ಗ್ರೇನ್ ಲೆಕ್ಕದಲ್ಲಿ. ಎರಡನೆಯದು 140 ಆದರೆ ಸುಮಾರು 9 ಗ್ರಾಂ ಗುಂಡು ಎಂದು ತಿಳಿಯಬಹುದು. ಜರ್ಮನ್ ನಳಿಗೆಯಲ್ಲಿ ಕಿರೀಟದ ಕೆಳಗೆ ಬಿ, ಯು, ಜಿ, ಎನ್ ಅಕ್ಷರಗಳು ಹಳೆಯ ಕಾಲದವು. ಕಿರೀಟದ ಜಾಗದಲ್ಲಿ ಹದ್ದು ಬಂದಿದ್ದರೆ 1939ರ ಕಾನೂನಿನ ನಂತರದ್ದು. ಬೆಲ್ಜಿಯಂನ ಲಿಯೇಜಿನ ಮುದ್ರೆ ಒಂದು ಅಂಡಾಕಾರ, ಅದರೊಳಗೆ ‘ಇ ಎಲ್ ಜಿ’.

ಸವೆದ ಮುದ್ರೆ ಓದಲು ಕಬ್ಬಿಣವನ್ನು ಕೆರೆಯಬೇಕಾಗಿಲ್ಲ. ಆ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಒಣಗಿಸಿ. ಕೋಣೆ ಕತ್ತಲೆ ಮಾಡಿ ಟಾರ್ಚನ್ನು ಅಡ್ಡವಾಗಿ, ನಳಿಗೆಗೆ ತಾಗಿದಂತೆ ಹಿಡಿದು ನಿಧಾನ ತಿರುಗಿಸುತ್ತ ಹೋಗಿ. ನೇರ ಬೆಳಕಿನಲ್ಲಿ ಮಚ್ಚೆಯಂತೆ ಕಂಡದ್ದು ಒಂದು ಕೋನಕ್ಕೆ ಬಂದಾಗ ಥಟ್ಟನೆ ಕಿರೀಟವಾಗುತ್ತದೆ, ಇನ್ನೊಂದು ಕೋನದಲ್ಲಿ ಅದರ ಕೆಳಗಿನ ಅಕ್ಷರ ಮೂಡುತ್ತದೆ. ಅದೂ ಸಾಲದಿದ್ದರೆ ಸೀಮೆಸುಣ್ಣ ಸವರಿ ಬೆರಳಿನಿಂದ ಒರೆಸಿ, ಪುಡಿ ಅಕ್ಷರದ ಗುಳಿಯಲ್ಲಿ ಮಾತ್ರ ಉಳಿಯುತ್ತದೆ. ತೆಳು ಕಾಗದ ಸುತ್ತಿ ಮೆತ್ತನೆಯ ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿದರೆ ಇಡೀ ಮುದ್ರೆ ಕಾಗದಕ್ಕೆ ಇಳಿಯುತ್ತದೆ. ಹೀಗೆ ಸಿಕ್ಕ ನಂಬರನ್ನು ಲೈಸೆನ್ಸ್ ಪುಸ್ತಕದ ನಂಬರಿನ ಜೊತೆ ಹೋಲಿಸಿ. ಹಳೆಯ ಬರವಣಿಗೆಯಲ್ಲಿ 1 ಮತ್ತು 7 ಅದಲುಬದಲಾಗಿರುವುದು, .315 ಇರುವಲ್ಲಿ ಬರೀ ‘8 ಎಂಎಂ’ ಎಂದು ಬರೆದಿರುವುದು ಸಾಮಾನ್ಯ. ರೈಫಲ್ಲನ್ನು ರಿಪೇರಿಗೆ ಕಳಿಸುವ ಮೊದಲೇ ಇದನ್ನು ತಿದ್ದಿಸಿಕೊಳ್ಳಬೇಕು.

ಆ ‘8 ಎಂಎಂ’ ಎಂಬ ಮಾತೇ ದೊಡ್ಡ ಅಪಾಯ. 8×50 ಅಂಚುಳ್ಳದ್ದು ಒಂದು, 8×56 ಮಾನ್ಲಿಖರ್ ಇನ್ನೊಂದು, 8×57 ಮೌಸರ್ ಮತ್ತೊಂದು. ಈ ಕೊನೆಯದರಲ್ಲೇ ಎರಡು ಬಗೆ: ಹಳೆಯ ‘ಜೆ’ ನಳಿಗೆಗೆ ಗುಂಡಿನ ವ್ಯಾಸ ಸುಮಾರು 8.08 ಮಿಮೀ, 1905ರಲ್ಲಿ ಬಂದ ‘ಎಸ್’ ನಳಿಗೆಗೆ 8.20 ಮಿಮೀ. ಕೂದಲಿನಷ್ಟು ವ್ಯತ್ಯಾಸವೇ ಸರಿ, ಆದರೆ ‘ಜೆ’ ನಳಿಗೆಯಲ್ಲಿ ‘ಎಸ್’ ಗುಂಡು ಹೊಡೆದರೆ ಒತ್ತಡ ಮಿತಿ ಮೀರಿ ಏರುತ್ತದೆ. ಹೆಸರುಗಳೂ ಮೋಸ ಮಾಡುತ್ತವೆ. .275 ರಿಗ್ಬಿ ಎಂಬುದು ಇಂಗ್ಲಿಷ್ ಅಂಗಿ ತೊಟ್ಟ 7×57 ಮೌಸರ್ ತೋಟೆಯೇ. .275 ಎಂಬುದು ನಳಿಗೆಯೊಳಗಿನ ಏಣುಗಳ ನಡುವಿನ ಅಳತೆ, ಗುಂಡಿನ ವ್ಯಾಸ .284 ಇಂಚು. ಚಂಪಾವತದ ಹುಲಿಯನ್ನು ಹೊಡೆದ ಬಳಿಕ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದದ್ದು ಈ .275 ರಿಗ್ಬಿ. ಅದರ ಮರದ ಮೇಲಿನ ಬೆಳ್ಳಿ ತಗಡಿನಲ್ಲಿ ಬರೆದ ಸಾಲುಗಳೇ ಆ ರೈಫಲ್ಲಿನ ಚರಿತ್ರೆಗೆ ಆಧಾರ. ನಿಮ್ಮ ಮನೆಯ ರೈಫಲ್ಲಿನ ಬಟ್ಟಿನ ಕೆಳಗೆ ಅಂಡಾಕಾರದ ಪುಟ್ಟ ಬೆಳ್ಳಿ ಬಿಲ್ಲೆ ಇದ್ದರೆ ಬೆಳ್ಳಿ ಪಾಲಿಶಿನ ಪುಡಿ ಹಾಕಿ ತಿಕ್ಕಬೇಡಿ, ಯಾರದೋ ಹೆಸರಿನ ಮೊದಲಕ್ಷರಗಳು ಅಲ್ಲಿರುತ್ತವೆ.

ಬರಹವನ್ನು ನಂಬುವುದಕ್ಕಿಂತ ಚೇಂಬರಿನ ಅಚ್ಚು ತೆಗೆಸುವುದು ಖಚಿತ. ಗನ್‌ಸ್ಮಿತ್‌ಗಳು ಇದಕ್ಕೆ ಸೆರೋಸೇಫ್ ಎಂಬ ಮಿಶ್ರಲೋಹ ಬಳಸುತ್ತಾರೆ. 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಅಂದರೆ ಕುದಿನೀರಿನ ಪಾತ್ರೆ ಸಾಕು. ನಳಿಗೆಯಲ್ಲಿ ಚೇಂಬರಿನಿಂದ ಒಂದಿಷ್ಟು ಮುಂದೆ ಬಟ್ಟೆ ತುರುಕಿ, ಕಬ್ಬಿಣವನ್ನು ತುಸು ಬೆಚ್ಚಗೆ ಮಾಡಿ ಸುರಿಯುತ್ತಾರೆ. ಮೊದಲ ಅರ್ಧ ಗಂಟೆ ಅಚ್ಚು ಕುಗ್ಗುತ್ತದೆ, ಸುಮಾರು ಒಂದು ಗಂಟೆಗೆ ಚೇಂಬರಿನ ನಿಜ ಅಳತೆಗೆ ಮರಳುತ್ತದೆ, ಆಮೇಲೆ ಕೆಲವು ದಿನ ಬಿಟ್ಟರೆ ಅಳತೆ ಮೀರಿ ಹಿಗ್ಗುತ್ತದೆ. ಆದ್ದರಿಂದ ಮೈಕ್ರೊಮೀಟರ್ ಹಿಡಿಯಬೇಕಾದ್ದು ಆ ಒಂದು ಗಂಟೆಯ ಹೊತ್ತಿಗೆ. ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಚೇಂಬರಿನ ತೋಟೆಗೂ ನಡುವಿನ ಸಂದು) ತಪಾಸಣೆ, ಲಗ್ಗುಗಳಲ್ಲಿ ಬಿರುಕಿನ ಪರೀಕ್ಷೆ ಇವನ್ನೂ ಅದೇ ಭೇಟಿಯಲ್ಲಿ ಮಾಡಿಸಿ. ನಳಿಗೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಕಪ್ಪು ಉಂಗುರದಂತೆ ನೆರಳು ಕಂಡರೆ ಅಲ್ಲಿ ಉಬ್ಬಿದೆ. ಆ ರೈಫಲ್ ಇನ್ನು ಗೋಡೆಯ ಮೇಲಿರಲಿ, ಹೊಡೆಯಲು ಬೇಡ.

ಬಿಚ್ಚುವ ಕೆಲಸದಲ್ಲಿ ಹೆಚ್ಚು ಹಾನಿ ಸ್ಕ್ರೂಡ್ರೈವರಿನಿಂದ. ಇಂಗ್ಲಿಷ್ ಕೆಲಸದ ಸ್ಕ್ರೂಗಳ ಗೀರು ತೀರ ಕಿರಿದು. ಒಳ್ಳೆಯ ರೈಫಲ್ಲಿನಲ್ಲಿ ಎಲ್ಲ ಗೀರುಗಳೂ ನಳಿಗೆಯ ನೇರಕ್ಕೆ ನಿಲ್ಲುವ ಹಾಗೆ ಕೂರಿಸಿರುತ್ತಾರೆ. ಬೆಣೆಯಂತೆ ಚೂಪಾದ ಅಂಗಡಿ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಗೀರಿನ ತುಟಿ ಒಡೆಯುತ್ತದೆ. ಅಲಗನ್ನು ಗೀರಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ, ಎರಡು ಮಗ್ಗುಲೂ ಸಮಾನಾಂತರವಾಗಿ ಉಜ್ಜಿಸಿಕೊಳ್ಳಬೇಕು. ಜಗ್ಗದ ಸ್ಕ್ರೂಗೆ ತುಕ್ಕೆಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ಬೆಳಗ್ಗೆ ಬೆಸುಗೆ ಹಾಕುವ ಐರನ್ನಿನ ತುದಿಯನ್ನು ತಲೆಗೆ ಒಂದೆರಡು ನಿಮಿಷ ತಾಗಿಸಿ ಮತ್ತೆ ಪ್ರಯತ್ನಿಸಿ.

ಲೀ ಬಾಡಿಯ .315ರಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಬಟ್ಟನ್ನು ಬಾಡಿಗೆ ಕಟ್ಟಿರುವುದು ಬಟ್ಟಿನ ಒಳಗಿನ ಉದ್ದನೆಯ ಬೋಲ್ಟು. ಎಸ್‌ಎಂಎಲ್‌ಇ (ಶಾರ್ಟ್ ಮ್ಯಾಗಜಿನ್ ಲೀ-ಎನ್‌ಫೀಲ್ಡ್) ಮಾದರಿಯಲ್ಲಿ ಅದರ ಚೌಕ ತುದಿ ಮುಂದಿನ ಮರದೊಳಗಿನ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ಬಿಚ್ಚದೆ ಬಟ್ ತಿರುಗಿಸಲು ಹೊರಟರೆ ಆ ಚೌಕ ತಿರುಗಿ ಮರವನ್ನು ಸೀಳುತ್ತದೆ. ಮುಂದಿನ ಮರ ಮೊದಲು, ಬಟ್ ಆಮೇಲೆ. ಮೌಸರಿನಲ್ಲಿ ಹಿಂದಿನ ದೊಡ್ಡ ಸ್ಕ್ರೂನ ತೂತಿನೊಳಗೆ ಉಕ್ಕಿನ ಪುಟ್ಟ ಕೊಳವೆಯೊಂದು ಇರುತ್ತದೆ. ಬಿಚ್ಚುವಾಗ ಅದು ಬಿದ್ದು ಕಳೆದುಹೋದರೆ, ಮರಳಿ ಬಿಗಿಯುವಾಗ ಸ್ಕ್ರೂ ಮರವನ್ನೇ ಅದುಮಿ ಪುಡಿ ಮಾಡುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ.

ಇನ್ನು ತುಕ್ಕು. ಮರದೊಳಗೆ ಅಡಗಿರುವ ನಳಿಗೆಯ ಕೆಳಮೈಯಲ್ಲಿ, ಕಬ್ಬಿಣ ಮತ್ತು ಮರ ಸೇರುವ ಗೆರೆಯುದ್ದಕ್ಕೂ ಅದು ಹೆಚ್ಚು. ಮಳೆಯಲ್ಲಿ ನೆನೆದ ಕೋವಿಯನ್ನು ಮೇಲೆ ಒರೆಸಿ ಇಟ್ಟವರು ಒಳಗಿನ ನೀರನ್ನು ನೋಡಿರುವುದಿಲ್ಲ. ಸೀಮೆಎಣ್ಣೆ ಮತ್ತು ಹೊಲಿಗೆ ಯಂತ್ರದ ಎಣ್ಣೆ ಸಮ ಸಮ ಬೆರೆಸಿ ಹಚ್ಚಿ ಎರಡು ಮೂರು ದಿನ ನೆನೆಯಲು ಬಿಡಿ. ಬಳಿಕ ಅಂಚು ಮೊಂಡಾದ ಹಿತ್ತಾಳೆ ಪಟ್ಟಿಯಿಂದಲೋ ಹಳೆಯ ತಾಮ್ರದ ಕಾಸಿನಿಂದಲೋ ಎಣ್ಣೆಯ ಮೇಲೆಯೇ ಕೆರೆಯಿರಿ. ಹಿತ್ತಾಳೆ, ತಾಮ್ರ ಉಕ್ಕಿಗಿಂತ ಮೆದು, ತುಕ್ಕಿನ ಹೊಪ್ಪಳೆ ಏಳುತ್ತದೆ, ಕೆಳಗಿನ ಉಕ್ಕಿಗೆ ಗೀರು ಬೀಳುವುದಿಲ್ಲ. ಉಳಿದದ್ದಕ್ಕೆ ಅತಿ ನುಣುಪಾದ ನಾಲ್ಕು ಸೊನ್ನೆಯ ಸ್ಟೀಲ್ ವುಲ್, ಅದೂ ಎಣ್ಣೆಯ ಜೊತೆಗೆ. ಹುಣಸೆಹುಳಿ, ನಿಂಬೆ, ವಿನೆಗರ್ ಮೂರೂ ಬೇಡ. ತುಕ್ಕಿನ ಜೊತೆ ಹಳೆಯ ಕಪ್ಪು-ನೀಲಿ ಲೇಪವನ್ನೂ ಅವು ತೊಳೆದುಬಿಡುತ್ತವೆ.

ಲೇಪ ಅಲ್ಲಲ್ಲಿ ಕೆಂಪಾಗಿದೆ, ಹೊಸದಾಗಿ ಬ್ಲೂಯಿಂಗ್, ಅಂದರೆ ಆ ಕಪ್ಪು-ನೀಲಿ ಲೇಪ, ಹಾಕಿಸುವುದು ಬೇಡ ಎನ್ನುವವರಿಗೆ ಸುಂದರವಾದೊಂದು ದಾರಿಯಿದೆ. ಕೆಂಪು ತುಕ್ಕನ್ನು ಕುದಿವ ಶುದ್ಧ ನೀರಿನಲ್ಲಿ, ಅಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ, ಹದಿನೈದು ಇಪ್ಪತ್ತು ನಿಮಿಷ ಬೇಯಿಸಿದರೆ ಅದು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಸಡಿಲ ಕಪ್ಪು ಪುಡಿಯನ್ನು ಜಿಡ್ಡಿಲ್ಲದ ಸ್ಟೀಲ್ ವುಲ್‌ನಿಂದ ತೆಗೆದರೆ ಕೆಳಗೆ ಉಳಿಯುವುದು ಮೂಲ ಬಣ್ಣಕ್ಕೆ ಹತ್ತಿರದ ಮಾಸಲು ಕಪ್ಪು. ಹಳೆಯ ಇಂಗ್ಲಿಷ್ ನಳಿಗೆಗಳ ಬಣ್ಣವೂ ಇದೇ ತತ್ವದ್ದು: ತುಕ್ಕು ಹಿಡಿಸುವುದು, ಬೇಯಿಸುವುದು, ಉಜ್ಜುವುದು, ಹೀಗೆ ಆರೆಂಟು ಸುತ್ತು. ಈಗಿನ ಬಿಸಿ ಕಾಸ್ಟಿಕ್ ದ್ರಾವಣದ ಬ್ಲೂಯಿಂಗ್ ಒಂದೇ ದಿನದಲ್ಲಿ ಮಿರಮಿರ ಹೊಳೆಯುತ್ತದೆ, ಆದರೆ ಗುರಿಗಣ್ಣನ್ನು ನಳಿಗೆಗೆ ಅಂಟಿಸಿದ ಮೆದು ಬೆಸುಗೆಯನ್ನು ಆ ಕಾಸ್ಟಿಕ್ ಕರಗಿಸುತ್ತದೆ. ಸೈಟು ಬಿದ್ದುಹೋದ ಮೇಲೆ ಅಂಗಲಾಚಿ ಪ್ರಯೋಜನವಿಲ್ಲ.

ನಳಿಗೆಯ ಒಳಗಿನ ತುಕ್ಕಿಗೆ ಕಾರಣ ಬೇರೆ. ಹಳೆಯ ತೋಟೆಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದ ಮೇಲೆ ಅದು ಉಪ್ಪಾಗಿ ಒಳಗೆ ಕೂರುತ್ತದೆ, ಗಾಳಿಯ ತೇವ ಹೀರಿಕೊಂಡು ಕಬ್ಬಿಣ ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಹಾಕಿ ಇಟ್ಟರೂ ಗುಳಿ ಬಿತ್ತಲ್ಲ ಎಂದು ಕೇಳುವವರಿಗೆ ಉತ್ತರ ಇದೇ. ಚೇಂಬರಿನ ಕಡೆಯಿಂದ ಒಂದು ಲೀಟರ್ ಕುದಿನೀರು ಲಾಳಿಕೆಯಲ್ಲಿ ಹರಿಸಿ, ನಳಿಗೆಯ ಬಿಸಿಗೇ ಒಣಗಿಸಿ, ಆಮೇಲೆ ಎಣ್ಣೆ. ಕಡ್ಡಿ ಹಾಕುವುದು ಮೌಸರಿನಲ್ಲಿ ಯಾವಾಗಲೂ ಹಿಂದಿನಿಂದ. ನಳಿಗೆಯ ಮುಂದಿನ ಬಾಯಿಯಿಂದ ತಳ್ಳಿದ ಕಡ್ಡಿ ಬಾಯಿಯ ಅಂಚನ್ನು ಸವೆಸುತ್ತದೆ, ಗುರಿ ತಪ್ಪುವುದು ಅಲ್ಲಿಂದಲೇ.

ಕೊಬ್ಬರಿ ಎಣ್ಣೆಯ ಬಗ್ಗೆ ಒತ್ತಿ ಹೇಳಬೇಕು. ನಮ್ಮ ಮನೆಗಳಲ್ಲಿ ಕೋವಿಗೆ ಅದನ್ನೇ ಹಚ್ಚಿದವರು ಬಹಳ. ಸುಮಾರು 24 ಡಿಗ್ರಿಗೆ ಅದು ಗಟ್ಟಿಯಾಗುತ್ತದೆ, ಮಡಿಕೇರಿಯ ಚಳಿಗೆ ಬೋಲ್ಟಿನೊಳಗೆ ಮೇಣವಾಗಿ ಫೈರಿಂಗ್ ಪಿನ್ನನ್ನು ಹಿಡಿಯುತ್ತದೆ. ಹಳತಾದರೆ ಹುಳಿಯಾಗಿ ಹಿತ್ತಾಳೆಗೆ ಹಸಿರು ಕಿಲುಬು ತರುತ್ತದೆ. ಬಟ್ಟಿನ ಕತ್ತಿನ ಬಳಿ ಮರ ಕಪ್ಪಾಗಿ ಮೆತ್ತಗಾಗುವುದೂ ಹೆಚ್ಚಾಗಿ ಎಣ್ಣೆಯಿಂದಲೇ. ಕೋವಿಯನ್ನು ನೇರ ನಿಲ್ಲಿಸಿಟ್ಟಾಗ ಎಣ್ಣೆಯೆಲ್ಲ ಅಲ್ಲಿಗೆ ಇಳಿಯುತ್ತದೆ. ಆ ಎಣ್ಣೆ ತೆಗೆಯಲು ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಅಸಿಟೋನಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಬಳಿಯಿರಿ. ಒಣಗುತ್ತ ಬಂದಂತೆ ಬಿಳಿ ಪುಡಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅದು ಮರದಿಂದ ಎದ್ದ ಎಣ್ಣೆ. ಉದುರಿಸಿ ಮತ್ತೆ ಬಳಿಯಿರಿ. ಐದಾರು ಸಲಕ್ಕೆ ಪುಡಿ ಬಿಳಿಯಾಗಿಯೇ ಉಳಿಯುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಮರದ ತಗ್ಗುಗಳಿಗೆ ಒದ್ದೆ ಹತ್ತಿ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆಯ ತುದಿ ಒತ್ತಿದರೆ ಹಬೆಗೆ ನಾರು ಉಬ್ಬಿ ಮೇಲೇಳುತ್ತದೆ. ಕೈಹಿಡಿತದ ಚೌಕುಳಿ ಕೆತ್ತನೆಯ ಮೇಲೆ ಮಾತ್ರ ಹೀಗೆ ಮಾಡಬಾರದು. ಮೌಸರಿನ ಮರ ರಿಸೀವರಿನ ಹಿಂತುದಿಯ ಬಾಲದ ಹಿಂದೆ ಸೀಳಿದ್ದರೆ ಕಾರಣ ಹುಡುಕದೆ ಅಂಟು ಹಾಕಬೇಡಿ. ಹೊಡೆತಕ್ಕೆ ಹಿಂದೆ ಸರಿಯುವ ರಿಸೀವರಿನ ಬಾಲ ಮರಕ್ಕೆ ಗುದ್ದಿ ಬೆಣೆಯಂತೆ ಸೀಳಿರುತ್ತದೆ. ನಿಧಾನ ಗಟ್ಟಿಯಾಗುವ ಅರಾಲ್ಡೈಟ್ ಒಳಸೇರಿಸಿ 24 ಗಂಟೆ ಬಿಗಿದು ಕಟ್ಟಿ, ಬಾಲದ ಹಿಂದೆ ಅರ್ಧ ಮಿಲಿಮೀಟರ್ ಸಂದು ಬಿಡಿಸಿದರೆ ಮತ್ತೆ ಸೀಳುವುದಿಲ್ಲ. ಕೊನೆಗೆ ಕುದಿಸಿದ ಅಗಸೆ ಎಣ್ಣೆ, ಬೆರಳ ತುದಿಯಷ್ಟು, ಅಂಗೈಯಿಂದ ಬಿಸಿಯಾಗುವವರೆಗೆ ತಿಕ್ಕಿ, ದಿನಕ್ಕೊಂದು ಪದರ. ಇಂಗ್ಲಿಷ್ ಕಸುಬಿನವರು ಆ ಎಣ್ಣೆಯಲ್ಲಿ ಅಲ್ಕನೆಟ್ ಬೇರು ನೆನೆಸಿ ಅಕ್ರೋಟು ಮರಕ್ಕೆ ಕೆಂಪು ಛಾಯೆ ತರುತ್ತಿದ್ದರು. ನಮ್ಮ ಗ್ರಂಥಿಗೆ ಅಂಗಡಿಯ ರತನ್‌ಜೋತ್ ಅದೇ ಕೆಲಸ ಮಾಡುತ್ತದೆ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ ಅಥವಾ ನೀರಲ್ಲಿ ನೆನೆಹಾಕಿ.

ಇಷ್ಟೆಲ್ಲ ಮಾಡಿ ಚರ್ಮದ ಚೀಲದಲ್ಲಿಟ್ಟರೆ ಎರಡು ತಿಂಗಳಲ್ಲಿ ಮತ್ತೆ ಕೆಂಪು. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದ ಆಮ್ಲವೂ ಅದರಲ್ಲಿರುತ್ತದೆ. ಸ್ಪಂಜಿನ ಪೆಟ್ಟಿಗೆಯೂ ಅಷ್ಟೇ. ಬೀಗದ ಬೀರುವಿನಲ್ಲಿ ನಳಿಗೆಯ ಬಾಯಿ ಕೆಳಗೆ ಮಾಡಿ, ಬಟ್ಟೆಯ ಮೆತ್ತೆಯ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಸಿಲಿಕಾ ಜೆಲ್ ಇಡಿ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಬೇಕಾದರೆ ಹಿಂದಿನ ದಿನವೇ ಒಳಗೆ ದಪ್ಪ ಎಣ್ಣೆ, ಹೊರಗೆ ಗ್ರೀಸು ಸವರಿ. ನಂಬರಿನ ಫೋಟೋ ತೆಗೆದಿಡಿ, ರಸೀದಿಯಲ್ಲಿ ಅದೇ ನಂಬರು ಬಂದಿದೆಯೇ ಅಲ್ಲೇ ನೋಡಿಕೊಳ್ಳಿ. ವಾಪಸು ತಂದ ದಿನವೇ ಮರ ಬಿಚ್ಚಿ ಒರೆಸಬೇಕು.

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಕಳೆದು ಆಯುಧಗಳ ಹಬ್ಬ ಕೈಲ್‌ಪೊಳ್ದ್ ಬಂದಾಗ ಕೋವಿಗಳೆಲ್ಲ ಹೊರಗೆ ಬರುತ್ತವೆ, ನಳಿಗೆಗೆ ತೋಕ್ ಪೂ (ಕೋವಿ ಹೂ) ಇಡುತ್ತಾರೆ. ಬಯಲುಸೀಮೆಯಲ್ಲಿ ಆಯುಧಪೂಜೆಗೆ ಕುಂಕುಮ, ಗಂಧ. ಹಸಿ ಗಂಧ ಒಣಗಿದ ಜಾಗದಲ್ಲಿ ನಾಣ್ಯದಷ್ಟಗಲ ತುಕ್ಕಿನ ಮಚ್ಚೆ ಕೂತಿರುವ ರಿಸೀವರ್‌ಗಳು ಹಳೆಯ ಮನೆಗಳಲ್ಲಿ ಬೇಕಾದಷ್ಟಿವೆ. ಬೊಟ್ಟನ್ನು ಮರಕ್ಕಿಡಿ, ಮುದ್ರೆ ಇರುವ ಕಬ್ಬಿಣಕ್ಕೆ ಬೇಡ. ಸಂಜೆಗೇ ಹೂ ತೆಗೆದು, ನಳಿಗೆಯ ಬಾಯನ್ನು ಒಣಬಟ್ಟೆಯಲ್ಲಿ ಒರೆಸಿ, ಎರಡು ಹನಿ ಎಣ್ಣೆ ಸವರಿ ಒಳಗಿಡಿ.